ತಲೆ ಮೇಲಿನ ಕಾದ ಹೆಂಚು

ಶಿಡ್ಲಘಟ್ಟ ತಾಲ್ಲೂಕಿನ ನಮ್ಮೂರಿನಲ್ಲಿ ದೊಡ್ಡಮ್ಮನ ಮನೆ ಮುಂದೆ ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಶೀಟು ಹಾಕಿಸಿದರು. ಕಬ್ಬಿಣದ ಪೈಪು, ಅದರ ಮೇಲೆ ಕಡು ನೀಲಿ ಬಣ್ಣದ ಶೀಟು, ಎಂಟಡಿ ಎತ್ತರ. ನೋಡಲು ಚೆಂದವೇ. ಏಪ್ರಿಲ್‌ನಲ್ಲಿ ನಾನು ಹೋದಾಗ ಮಾತ್ರ ಅದರ ಕೆಳಗೆ ಒಂದು ನರಪಿಳ್ಳೆ ಇಲ್ಲ. ದೊಡ್ಡಮ್ಮ ಎದುರಿನ ಹೊಂಗೆ ಮರದಡಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. "ಆ ಶೀಟಿನ ಕೆಳಗೆ ಕೂತ್ರೆ ತಲೆ ಮೇಲೆ ಕಾದ ಹೆಂಚು ಬೋರಲು ಹಾಕ್ದಂಗೈತಪ್ಪ" ಅಂದರು.

ರೇಷ್ಮೆ ಹುಳು ಸಾಕುವ ಮನೆಯಲ್ಲಿ ತೂಗುಹಾಕಿದ್ದ ಉಷ್ಣತಾಮಾಪಕ ತಂದು ನೋಡಿದೆ. ಮರದಡಿ 35 ಡಿಗ್ರಿ, ಶೀಟಿನಡಿ 37. ಎರಡೇ ಡಿಗ್ರಿಗೆ ಇಷ್ಟು ಧಗೆಯೇ? ಅಲ್ಲೇ ಬಿದ್ದಿದ್ದ ಮೊರವನ್ನು ತಲೆಯ ಮೇಲೆ ಹಿಡಿದುಕೊಂಡು ಶೀಟಿನ ಕೆಳಗೆ ನಿಂತೆ. ನೆತ್ತಿಗೆ, ಭುಜಕ್ಕೆ ಆ ಕ್ಷಣವೇ ತಂಪೆನಿಸಿತು. ಮೊರ ತೆಗೆದೆ, ಮತ್ತೆ ಉರಿ. ಗಾಳಿ ಅದೇ ಗಾಳಿ, ಬಿಸಿಲಂತೂ ಬೀಳುತ್ತಲೇ ಇರಲಿಲ್ಲ. ಮೊರ ತಡೆದದ್ದು ಬೇರೆಯೇ ಒಂದನ್ನು.

ಬಿಸಿಯಾದ ಯಾವ ವಸ್ತುವೇ ಆಗಲಿ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಸೂಸುತ್ತಿರುತ್ತದೆ. ಒಲೆ ಮುಂದೆ ಕೂತಾಗ ಮುಖ ಬೆಚ್ಚಗಾಗಿ ಬೆನ್ನು ತಣ್ಣಗೇ ಉಳಿಯುವುದು ಇದರಿಂದ. ಆಸ್ಟ್ರಿಯಾದ ಭೌತವಿಜ್ಞಾನಿ ಯೋಸೆಫ್ ಸ್ಟೆಫಾನ್ 1879ರಲ್ಲಿ ಇದರ ಲೆಕ್ಕ ಕಂಡುಕೊಂಡರು. ಅವರ ಶಿಷ್ಯ ಬೋಲ್ಟ್ಸ್‌ಮನ್ 1884ರಲ್ಲಿ ಅದನ್ನು ಸಿದ್ಧಾಂತದಿಂದ ಸಾಧಿಸಿದರು. ಸೂಸುವ ಶಕ್ತಿ ಏರುವುದು ಕೆಲ್ವಿನ್ ಲೆಕ್ಕದ (ಸೆಲ್ಸಿಯಸ್‌ಗೆ 273 ಕೂಡಿಸಿದ) ಉಷ್ಣತೆಯ ನಾಲ್ಕನೇ ಘಾತದಲ್ಲಿ. ಮಟಮಟ ಮಧ್ಯಾಹ್ನ ಕಡು ಬಣ್ಣದ ಶೀಟು 60 ಡಿಗ್ರಿ ಮುಟ್ಟುವುದು ಮಾಮೂಲು. ಅಷ್ಟು ಬಿಸಿಯ ಮೈ ಚದರ ಮೀಟರಿಗೆ 700 ವ್ಯಾಟ್‌ವರೆಗೆ ಸೂಸಬಲ್ಲದು, 35 ಡಿಗ್ರಿಯದು 510ರವರೆಗೆ. ನಡುವಿನ ಆ 190 ವ್ಯಾಟ್ ಇದೆಯಲ್ಲ, ಅದೇ ದೊಡ್ಡಮ್ಮ ಹೇಳಿದ ಕಾದ ಹೆಂಚು. ಹೊಂಗೆಯ ಎಲೆಯೂ ಬಿಸಿಲು ಹೀರುತ್ತದೆ. ಆದರೆ ಬೇರಿನಿಂದ ಬಂದ ನೀರನ್ನು ಆವಿಯಾಗಿಸಿ ಬಿಡುತ್ತಾ ಹೆಚ್ಚುಕಡಿಮೆ ಗಾಳಿಯಷ್ಟೇ ತಂಪಾಗಿ ಉಳಿಯುತ್ತದೆ.

ಹಾಗಾಗಿ "ಯಾವ ಶೀಟು ಒಳ್ಳೇದು" ಎಂದು ಯಾರಾದರೂ ಕೇಳಿದರೆ, ನಾನು ಮೊದಲು ನೋಡುವುದು ಅದರ ಕೆಳಮೈ ಎಷ್ಟು ಕಾಯುತ್ತದೆ ಎನ್ನುವುದನ್ನು. ದಪ್ಪ, ಗ್ಯಾರಂಟಿ ಎಲ್ಲ ಆಮೇಲಿನ ಮಾತು.

ಮೇಲ್ಮೈಗೆ ಬಿಳಿಯನ್ನು ಮೀರಿಸಿದ ಬಣ್ಣವಿಲ್ಲ. ಕಡು ಬಣ್ಣ ಬಿಸಿಲಿನ ಶೇ 90ರಷ್ಟನ್ನು ನುಂಗುತ್ತದೆ, ಒಳ್ಳೆಯ ಬಿಳಿ ಬಣ್ಣ ಶೇ 70–80ರಷ್ಟನ್ನು ವಾಪಸು ಕಳಿಸುತ್ತದೆ. ನಮ್ಮ ಕೆಂಪು ಧೂಳು ಕೂತರೆ ಈ ಗುಣ ಇಳಿಯುತ್ತದೆ, ಬೇಸಿಗೆಗೆ ಮುಂಚೆ ಒಮ್ಮೆ ತೊಳೆಯಬೇಕು. ಆರ್‌ಸಿಸಿ ಮಾಳಿಗೆಗೆ ಸುಣ್ಣ ಬಳಿಯಬಹುದು. ತಗಡಿಗೆ ಬೇಡ, ಒದ್ದೆ ಸುಣ್ಣ ಅದರ ಲೇಪದ ಸತುವನ್ನೂ ಅಲ್ಯೂಮಿನಿಯಂ ಅನ್ನೂ ತಿನ್ನುತ್ತದೆ.

ಬಣ್ಣವಿಲ್ಲದ, ಹೊಳೆಯುವ ತಗಡಿನ ಸ್ವಭಾವ ವಿಚಿತ್ರ. ಬಿಸಿಲನ್ನು ಚೆನ್ನಾಗಿಯೇ ಹಿಂತಿರುಗಿಸುತ್ತದೆ, ಆದರೆ ಒಳಸೇರಿದ ಬಿಸಿಯನ್ನು ಸೂಸಿ ಕಳೆದುಕೊಳ್ಳಲು ಅದಕ್ಕೆ ಬರುವುದಿಲ್ಲ. ಅದಕ್ಕೇ ಮುಟ್ಟಿದರೆ ಕೈ ಸುಡುತ್ತದೆ. ಮೇಲ್ಮೈಯಲ್ಲಿ ದೋಷವಾದ ಈ ಗುಣ ಕೆಳಮೈಯಲ್ಲಿ ವರ. ಸೂಸಲಾರದ ಮೈ ನೆತ್ತಿಯ ಮೇಲಿದ್ದರೆ ನಮಗೆ ಬೇಕಾದದ್ದೇ ಅದು. ಆದ್ದರಿಂದ ಮೇಲೆ ಬಿಳಿ, ಕೆಳಗೆ ಬೆಳ್ಳಿ. ದೊಡ್ಡಮ್ಮನ ನೀಲಿ ಶೀಟಿಗೆ ಬಿಳಿ ಪೇಂಟು ಹೊಡೆಸಿದೆವು. ನಾಲ್ಕು ಇಂಚು ಕೆಳಗೆ, ಹೊಳಪಿನ ಮೈ ನೆಲಕ್ಕೆ ಮುಖಮಾಡುವಂತೆ ಫಾಯಿಲ್ ಹಾಳೆ ಎಳೆದು ಕಟ್ಟಿದೆವು. ನಡುವಿನ ಸಂದಿಯ ಎರಡು ತುದಿಯನ್ನೂ ಮುಚ್ಚಲಿಲ್ಲ. ಕಾದ ಗಾಳಿ ಎತ್ತರದ ಅಂಚಿನಿಂದ ತಾನಾಗಿ ಹೊರಬೀಳುತ್ತದೆ. ಮೇ ತಿಂಗಳಲ್ಲಿ ಮತ್ತೆ ಮೊರ ಹಿಡಿದು ನಿಂತೆ. ಹಿಡಿದರೂ ತೆಗೆದರೂ ಅಂಥ ವ್ಯತ್ಯಾಸವೇನೂ ಗೊತ್ತಾಗಲಿಲ್ಲ.

ರೇಷ್ಮೆ ಬೆಳೆಯುವವರಿಗೆ ಇದು ಹೊಸದಲ್ಲ. ನಾಲ್ಕನೇ ಜ್ವರ (ಹುಳು ಪೊರೆ ಬಿಡುವ ಹಂತ) ಕಳೆದ ಹುಳುವಿಗೆ 24 ಡಿಗ್ರಿಯ ಆಸುಪಾಸಿನ ಶಾಖ, ಶೇ 70ರಷ್ಟು ತೇವ ಬೇಕು. ತಪ್ಪಿದರೆ ಗೂಡು ಹಗುರ. ಅದಕ್ಕೇ ಹುಳು ಮನೆಯ ಶೀಟಿನ ಮೇಲೆ ತೆಂಗಿನ ಗರಿ ಹೊದಿಸುತ್ತಾರೆ, ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟುತ್ತಾರೆ. ಒಂದು ಲೀಟರ್ ನೀರು ಆವಿಯಾಗುವಾಗ ಸುತ್ತಲಿಂದ ಎಳೆದುಕೊಳ್ಳುವ ಶಾಖ ಸುಮಾರು 2,400 ಕಿಲೋಜೌಲ್, ಸಾವಿರ ವ್ಯಾಟಿನ ಹೀಟರು 40 ನಿಮಿಷ ಉರಿದಷ್ಟು. ಹುಳುವಿಗೆ ಮಾಡುವ ಈ ಉಪಚಾರವನ್ನು ನಾವು ಕೂರುವ ಜಗಲಿಗೆ ಮಾಡಿಕೊಳ್ಳದೆ ಬಿಟ್ಟಿದ್ದೇವಲ್ಲ ಎಂದು ನನಗೆ ಸಂಕಟವಾಗುತ್ತದೆ.

ಗೋಣಿತಾಟಿನ ಉಪಾಯ ನಡೆಯುವುದು ಬಯಲುಸೀಮೆಯ ಒಣ ಬೇಸಿಗೆಯಲ್ಲಿ. ಮಂಗಳೂರಿನಂಥ ಕಡೆ, ಅಥವಾ ನಮ್ಮಲ್ಲೇ ಮಳೆ ನಿಂತ ಮೇಲಿನ ಸೆಕೆಯಲ್ಲಿ, ಗಾಳಿಯೇ ತೇವದಿಂದ ತುಂಬಿರುವಾಗ ಗೋಣಿಯೂ ಆರುವುದಿಲ್ಲ, ಮೈ ಬೆವರೂ ಆರುವುದಿಲ್ಲ. ಆಗ ಗಾಳಿಯ ಓಡಾಟವೊಂದೇ ದಾರಿ. ಮಾಡು ಎತ್ತರಕ್ಕಿರಬೇಕು, ಸುತ್ತ ತೆರೆದಿರಬೇಕು. 1865ರಲ್ಲಿ ಬಾಸೆಲ್ ಮಿಷನ್ ಕಾರ್ಖಾನೆಯಲ್ಲಿ ಶುರುವಾದ ಮಂಗಳೂರು ಹೆಂಚು ಕರಾವಳಿಗೆ ಹೊಂದಿಕೊಂಡದ್ದರಲ್ಲಿ ಅದರ ಸಂದಿಗಳ ಪಾಲೂ ಇದೆ. ಮಳೆ ಒಳಗೆ ಬಾರದು, ಬಿಸಿಗಾಳಿ ಹೊರಗೆ ಹೋಗುತ್ತದೆ. ತೇವದ ತಿಂಗಳಲ್ಲಿ ಅಡಿಯಲ್ಲಿ ಹೊದಿಕೆಯಿಲ್ಲದ ಬಣ್ಣದ ತಗಡಿಗೆ ಇನ್ನೊಂದು ಕಾಟ. ರಾತ್ರಿ ಅದು ಆಕಾಶಕ್ಕೆ ಶಾಖ ಸೂಸಿ ಗಾಳಿಗಿಂತ ತಣ್ಣಗಾಗುತ್ತದೆ, ಬೆಳಗಿನ ಜಾವ ಅಡಿಯಲ್ಲಿ ಹನಿ ಕಟ್ಟಿ ತೊಟ್ಟಿಕ್ಕುತ್ತದೆ.

ಪಾರದರ್ಶಕ ಪಾಲಿಕಾರ್ಬೊನೇಟ್ ಶೀಟನ್ನು ಕೂರುವ ಜಾಗಕ್ಕೆ ನಾನು ಯಾರಿಗೂ ಹೇಳುವುದಿಲ್ಲ. ಬಿಸಿಲನ್ನು ಒಳಗೆ ಬಿಡುತ್ತದೆ. ಜೊತೆಗೆ ಅದು ಹಿಗ್ಗುವುದೂ ಬಹಳ. 40 ಡಿಗ್ರಿ ಏರಿಳಿದರೆ ಆರು ಮೀಟರ್ ಉಕ್ಕಿನ ಶೀಟು ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ, ಪಾಲಿಕಾರ್ಬೊನೇಟ್ 16. ಸ್ಕ್ರೂ ಬಿಗಿಯಾಗಿ ಕೂರಿಸಿದ್ದರೆ ತೂತಿನ ಸುತ್ತ ಸೀಳು ಬಿಡುತ್ತದೆ. ಹಳೆಯ ಕಲ್ನಾರು ಶೀಟು ಇದ್ದರೆ ಅದನ್ನು ಕೊಯ್ಯಬೇಡಿ, ತೂತು ಕೊರೆಯಬೇಡಿ. ಆ ಧೂಳು ಕ್ಯಾನ್ಸರ್ ತರುತ್ತದೆ.

ಸೂರ್ಯನ ದಾರಿಯನ್ನೂ ನೋಡಿಕೊಳ್ಳಬೇಕು. ನಾವಿರುವ ಅಕ್ಷಾಂಶದಲ್ಲಿ ಏಪ್ರಿಲ್ 25ರ ಆಸುಪಾಸು ನಡುಹಗಲಲ್ಲಿ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಅಲ್ಲಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಬಿಸಿಲು ಬರುವುದು ಉತ್ತರದ ಕಡೆಯಿಂದ. ದಕ್ಷಿಣಕ್ಕೆ ಮಾತ್ರ ಶೀಟು ಚಾಚಿ ಉತ್ತರದ ಅಂಚನ್ನು ಮೊಟಕು ಮಾಡುವುದು ಎಷ್ಟೋ ಮನೆಗಳಲ್ಲಿ ಕಾಣುವ ತಪ್ಪು.

ಮುಂಗಾರಿಗೆ ಮುಂಚಿನ ಬಿರುಗಾಳಿಯದೂ ಒಂದು ಲೆಕ್ಕ. ಅರ್ಧ ಮಿಲಿಮೀಟರ್ ಉಕ್ಕಿನ ಶೀಟು ಚದರ ಮೀಟರಿಗೆ ನಾಲ್ಕು ಕಿಲೋ ತೂಗುತ್ತದೆ. ಗಂಟೆಗೆ 108 ಕಿಲೋಮೀಟರ್ ವೇಗದ ಗಾಳಿಯ ಒತ್ತಡ ಅದೇ ಜಾಗಕ್ಕೆ ಸುಮಾರು 55 ಕಿಲೋ. ಶೀಟನ್ನು ಹಿಡಿದಿಡುವುದು ಅದರ ಭಾರ ಅಲ್ಲ, ಬೋಲ್ಟು ಮತ್ತು ಕಂಬದ ಬುಡ. ನಮ್ಮ ಕಡೆ ದ್ರಾಕ್ಷಿ ಚಪ್ಪರಕ್ಕೆ ನೆಡುವ ಕಲ್ಲುಕೂಚ ಇದಕ್ಕೂ ಆಗುತ್ತದೆ.

ಸಂಜೆ ನಾಲ್ಕರ ಪಡುವಣ ಬಿಸಿಲು ಶೀಟಿನ ಅಡಿಯಿಂದಲೇ ನುಗ್ಗುತ್ತದೆ. ಆ ಕಡೆ ದೊಡ್ಡಮ್ಮ ತಂತಿ ಕಟ್ಟಿ ತೊಂಡೆಬಳ್ಳಿ ಹಬ್ಬಿಸಿದ್ದಾರೆ. ಈಗ ಸೊಂಟದೆತ್ತರ ಬಂದಿದೆ. ಅದು ಮೇಲಿನವರೆಗೆ ಹತ್ತುವ ತನಕ ಹುಳು ಮನೆಯಿಂದ ತಂದ ತೆಂಗಿನ ಗರಿಯ ತಡಿಕೆ ಅಲ್ಲಿ ತೂಗುತ್ತಿರುತ್ತದೆ.