ಮಾಂಸ ಬಿಟ್ಟ ಜಾಗಕ್ಕೆ ಏನು ಬಂತು?

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಒಂದು ಪ್ರಯೋಗಕ್ಕೆ 22 ಜೋಡಿ ಅವಳಿಗಳನ್ನು ಸೇರಿಸಿದರು. ಸುಮ್ನೆ ಒಟ್ಟಿಗೆ ಹುಟ್ಟಿದವರಲ್ಲ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುವ ತದ್ರೂಪಿ ಅವಳಿಗಳು. ಇಬ್ಬರ ಜೀನುಗಳೂ ಒಂದೇ. ಪ್ರತಿ ಜೋಡಿಯಲ್ಲಿ ಒಬ್ಬರಿಗೆ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲದ ವೀಗನ್ ಊಟ. ಇನ್ನೊಬ್ಬರಿಗೆ ಕೋಳಿ, ಮೀನು, ಮೊಟ್ಟೆ, ಚೀಸ್ ಇರುವ ಊಟ. ಮೊದಲ ನಾಲ್ಕು ವಾರ ಊಟ ಮನೆ ಬಾಗಿಲಿಗೇ ಬರುತ್ತಿತ್ತು. ಆಮೇಲಿನ ನಾಲ್ಕು ವಾರ ಅವರೇ ಮಾಡಿಕೊಳ್ಳಬೇಕಿತ್ತು.

ಇದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ನಾವು 'ಕೆಟ್ಟ ಕೊಲೆಸ್ಟ್ರಾಲ್' ಅಂತ ಕರೆಯುವ ಎಲ್‌ಡಿಎಲ್, ವೀಗನ್ ಗುಂಪಿನಲ್ಲಿ ಸರಾಸರಿ ಡೆಸಿಲೀಟರಿಗೆ 110.7 ಮಿಲಿಗ್ರಾಂನಿಂದ 95.5ಕ್ಕೆ ಇಳಿದಿತ್ತು. ಅವಳಿಯ ಇನ್ನೊಂದು ಅರ್ಧಕ್ಕೆ ಅದು 118.5ರಿಂದ 116.1ಕ್ಕೆ ಬಂದಿತ್ತು, ಅಷ್ಟೇ. ತೂಕವೂ ವೀಗನ್ನರಲ್ಲೇ ಜಾಸ್ತಿ ಇಳಿದಿತ್ತು.

ಹಾಗಾದರೆ ಆಟ ಮುಗೀತು ಅಲ್ವಾ? ಸ್ವಲ್ಪ ತಾಳಿ. ವೀಗನ್ ತಟ್ಟೆಯಿಂದ ಕೋಳಿ ಮಾತ್ರ ಹೋಗಿರಲಿಲ್ಲ, ಅದರ ಜೊತೆ ಎಲ್‌ಡಿಎಲ್ ಏರಿಸುವ ಸ್ಯಾಚುರೇಟೆಡ್ ಕೊಬ್ಬೂ ಹೋಗಿತ್ತು. ಆ ಜಾಗಕ್ಕೆ ಕಾಳು, ತರಕಾರಿ, ನಾರು ಬಂದಿದ್ದವು. ಎಲ್‌ಡಿಎಲ್ ಇಳಿದಿದ್ದು ಯಾವುದರಿಂದ? ಹೋದದ್ದರಿಂದಲೋ, ಬಂದದ್ದರಿಂದಲೋ? ಹೊಟ್ಟೆಯಲ್ಲಿ ಖಾಲಿ ಜಾಗ ಅಂತ ಉಳಿಯೋದಿಲ್ಲ. ಒಂದನ್ನು ತೆಗೆದರೆ ಇನ್ನೊಂದು ಬಂದೇ ಬರುತ್ತದೆ. ಮಾಂಸಾಹಾರ ಒಳ್ಳೆಯದೋ ಸಸ್ಯಾಹಾರ ಒಳ್ಳೆಯದೋ ಅನ್ನುವ ಜಗಳದಲ್ಲಿ ಎರಡೂ ಕಡೆಯವರು ಮರೆಯುವುದು ಇದನ್ನೇ.

ಇನ್ನೊಂದು ತೊಡಕೂ ಇದೆ. ಎಂಟು ವಾರದಲ್ಲಿ ರಕ್ತದ ಅಂಕಿ ಬದಲಾಗಬಹುದು. ಆದರೆ ಹೃದಯಾಘಾತ, ಕ್ಯಾನ್ಸರ್, ಮೂಳೆ ಸವೆತ ಬರಲು ಮೂವತ್ತು ನಲವತ್ತು ವರ್ಷ ಬೇಕು. ಅಷ್ಟು ವರ್ಷ ಯಾರನ್ನಾದರೂ ಕೂಡಿಹಾಕಿ 'ನೀನು ಇದನ್ನೇ ತಿನ್ನು' ಅನ್ನಲು ಆಗುತ್ತದೆಯೇ? ಅದಕ್ಕೇ ವಿಜ್ಞಾನಿಗಳು ಜನ ತಮ್ಮ ಪಾಡಿಗೆ ತಿನ್ನುವುದನ್ನು ಬರೆದಿಟ್ಟುಕೊಂಡು ವರ್ಷಗಟ್ಟಲೆ ಕಾಯುತ್ತಾರೆ. ಇಲ್ಲಿ ಒಂದು ಮೋಸ ಅಡಗಿದೆ. ಆರೋಗ್ಯಕ್ಕೆಂದು ಮಾಂಸ ಬಿಟ್ಟವರು ಸಾಮಾನ್ಯವಾಗಿ ಸಿಗರೇಟನ್ನೂ ಬಿಟ್ಟಿರುತ್ತಾರೆ, ನಡೆದಾಡುತ್ತಾರೆ, ಕುಡಿಯುವುದೂ ಕಡಿಮೆ. ಪುಣ್ಯ ಯಾವುದರದ್ದೋ, ಹೆಸರು ತರಕಾರಿಗೆ. ಲೆಕ್ಕದಲ್ಲಿ ಇವನ್ನೆಲ್ಲ ಸರಿದೂಗಿಸುತ್ತಾರೆ, ನಿಜ. ಆದರೆ ಪೂರ್ತಿ ಸರಿದೂಗಿಸಲು ಯಾರಿಂದಲೂ ಆಗಿಲ್ಲ.

ಅಮೆರಿಕ ಮತ್ತು ಕೆನಡಾದ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಥದ 73,308 ಜನರ ಅಧ್ಯಯನ 2013ರಲ್ಲಿ ಹೊರಬಂತು. ಮಾಂಸ ತಿನ್ನುವವರಿಗಿಂತ ಸಸ್ಯಾಹಾರಿಗಳ ಗುಂಪಿನಲ್ಲಿ ಸಾವಿನ ಪ್ರಮಾಣ 12% ಕಡಿಮೆ ಇತ್ತು. ಈ ಪಂಥದಲ್ಲಿ ಸಿಗರೇಟು ಸೇದುವವರೇ ಅಪರೂಪ. ಹಾಗಾಗಿ ಆ ಗೊಂದಲ ಸ್ವಲ್ಪ ಕಡಿಮೆ. ಆದರೆ ಬ್ರಿಟನ್ನಿನ ಎಪಿಕ್-ಆಕ್ಸ್‌ಫರ್ಡ್ ಅಧ್ಯಯನದಲ್ಲಿ ಆಯಸ್ಸಿನ ಲೆಕ್ಕಕ್ಕೆ ಅಂಥ ವ್ಯತ್ಯಾಸವೇ ಕಾಣಲಿಲ್ಲ. ಅಲ್ಲಿ ಮಾಂಸ ತಿನ್ನುವವರೂ ಆರೋಗ್ಯದ ಕಾಳಜಿ ಇದ್ದವರೇ.

ನನಗೆ ಹೆಚ್ಚು ನಂಬಿಕೆ ಹುಟ್ಟಿಸಿದ್ದು ಈ ಬ್ರಿಟಿಷ್ ಅಧ್ಯಯನವೇ, ಯಾಕೆಂದರೆ ಅದು ಯಾರ ಪಕ್ಷವನ್ನೂ ವಹಿಸಲಿಲ್ಲ. 48,188 ಜನರನ್ನು ಸುಮಾರು 18 ವರ್ಷ ಗಮನಿಸಿ 2019ರಲ್ಲಿ ಅವರು ಕೊಟ್ಟ ಲೆಕ್ಕ ಹೀಗಿದೆ: ಹತ್ತು ವರ್ಷದ ಅವಧಿಯಲ್ಲಿ ಸಾವಿರ ಜನರಿಗೆ, ಮಾಂಸ ತಿನ್ನುವವರಿಗಿಂತ ಸಸ್ಯಾಹಾರಿಗಳಲ್ಲಿ ಹೃದಯದ ರಕ್ತನಾಳದ ಕಾಯಿಲೆ 10 ಕಡಿಮೆ, ಸ್ಟ್ರೋಕ್ 3 ಜಾಸ್ತಿ. ಮರುವರ್ಷ ಅದೇ ತಂಡ ಮೂಳೆ ಮುರಿತದ ಲೆಕ್ಕ ತೆಗೆಯಿತು. ವೀಗನ್ನರಲ್ಲಿ ಸೊಂಟದ ಮೂಳೆ ಮುರಿತ ಮಾಂಸ ತಿನ್ನುವವರ 2.3 ಪಟ್ಟು. ತೆಳ್ಳಗಿನ ಮೈ, ಕಡಿಮೆ ಕ್ಯಾಲ್ಸಿಯಂ, ಕಡಿಮೆ ಪ್ರೋಟೀನ್ ಇದಕ್ಕೆ ಒಂದಷ್ಟು ಕಾರಣ, ಪೂರ್ತಿ ಅಲ್ಲ. ಹೃದಯಕ್ಕೆ ಲಾಭ, ಮೂಳೆಗೆ ನಷ್ಟ. ಒಂದೇ ಊಟ ಮೈಯ ಎಲ್ಲ ಭಾಗಕ್ಕೂ ಒಂದೇ ರೀತಿ ಹಿತವಾಗಬೇಕು ಅಂತ ಎಲ್ಲೂ ಬರೆದಿಲ್ಲವಲ್ಲ.

ಈಗ ಆ 'ಜಾಗಕ್ಕೆ ಬಂದಿದ್ದೇನು' ಪ್ರಶ್ನೆಗೆ ಬರೋಣ. ಸಕ್ಕರೆ ಸಸ್ಯಾಹಾರವೇ. ಮೈದಾ, ಸೋಡಾ, ಎಣ್ಣೆಯಲ್ಲಿ ಕರಿದ ಆಲೂಗಡ್ಡೆ ಚಿಪ್ಸ್ ಕೂಡ. ಇವನ್ನಷ್ಟೇ ತಿಂದುಕೊಂಡು 'ನಾನು ಶುದ್ಧ ವೀಗನ್' ಅಂತ ಎದೆ ತಟ್ಟಿಕೊಳ್ಳಬಹುದು, ಯಾರೂ ತಪ್ಪು ಅನ್ನುವಂತಿಲ್ಲ. ಅಮೆರಿಕದಲ್ಲಿ ನರ್ಸುಗಳು, ದಂತವೈದ್ಯರಂಥ ಸುಮಾರು ಎರಡು ಲಕ್ಷ ಜನರ ಊಟದ ವಿವರ ಇಟ್ಟುಕೊಂಡು ಸಂಶೋಧಕರು 2017ರಲ್ಲಿ ಸಸ್ಯಾಹಾರವನ್ನೇ ಎರಡು ಭಾಗ ಮಾಡಿ ನೋಡಿದರು. ಒಂದು ಕಡೆ ಇಡಿ ಧಾನ್ಯ, ಕಾಳು, ಹಣ್ಣು, ತರಕಾರಿ, ಬೀಜಗಳು. ಇನ್ನೊಂದು ಕಡೆ ಪಾಲಿಶ್ ಮಾಡಿದ ಧಾನ್ಯ, ಸಿಹಿ ಪಾನೀಯ, ಮಿಠಾಯಿ, ಆಲೂಗಡ್ಡೆ. ಮೊದಲ ಥರದ ಊಟ ಜಾಸ್ತಿ ಇದ್ದವರಿಗೆ, ಕಡಿಮೆ ಇದ್ದವರಿಗಿಂತ ಹೃದಯದ ಕಾಯಿಲೆಯ ಅಪಾಯ 25% ಕಡಿಮೆ. ಎರಡನೆಯ ಥರದ್ದು ಜಾಸ್ತಿ ಇದ್ದವರಿಗೆ 32% ಹೆಚ್ಚು. ಎರಡೂ ಗಿಡದಿಂದಲೇ ಬಂದದ್ದು!

ಮೊದಲ ತಟ್ಟೆಯ ದೊಡ್ಡ ಬಲ ನಾರು. ಮಾಂಸ, ಮೀನು, ಮೊಟ್ಟೆ, ಹಾಲು ಇವುಗಳಲ್ಲಿ ನಾರು ಸೊನ್ನೆ. ನಾರನ್ನು ನಾವು ಜೀರ್ಣ ಮಾಡಿಕೊಳ್ಳಲಾರೆವು. ಅದು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಕಾದು ಕೂತಿರುವ ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ಅವು ಅದನ್ನು ಹುಳಿ ಬರಿಸಿ ಬ್ಯೂಟಿರೇಟ್ ಅನ್ನುವ ಸಣ್ಣ ಕೊಬ್ಬಿನ ಆಮ್ಲ ಮಾಡುತ್ತವೆ. ದೊಡ್ಡ ಕರುಳಿನ ಗೋಡೆಯ ಜೀವಕೋಶಗಳಿಗೆ ಮುಖ್ಯ ಉರುವಲು ಇದೇ. ಅಂದರೆ ನಾವು ನಾರು ತಿನ್ನುವುದು ಒಂಥರಾ ಬಾಡಿಗೆದಾರರಿಗೆ ಊಟ ಹಾಕಿ, ಅವರ ಕೈಯಲ್ಲಿ ಮನೆಯ ಗೋಡೆ ರಿಪೇರಿ ಮಾಡಿಸಿಕೊಂಡ ಹಾಗೆ.

ಮಾಂಸದ ಮೇಲಿನ ದೂರುಗಳಲ್ಲಿ ಗಟ್ಟಿಯಾಗಿರುವುದು ಸಂಸ್ಕರಿಸಿದ ಮಾಂಸದ್ದು: ಸಾಸೇಜ್, ಬೇಕನ್, ಹ್ಯಾಮ್ ಇತ್ಯಾದಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಇದನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ತಂಬಾಕು ಇರುವ ಒಂದನೇ ಗುಂಪಿಗೇ ಸೇರಿಸಿತು. ಮರುದಿನ ಪತ್ರಿಕೆಗಳ ತುಂಬ 'ಸಾಸೇಜೂ ಸಿಗರೇಟೂ ಒಂದೇ' ಎಂಬ ಗುಲ್ಲು. ಅದು ತಪ್ಪು ಓದು. ಆ ಗುಂಪು ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಅನ್ನುವುದನ್ನು. ಅಪಾಯ ಎಷ್ಟು ದೊಡ್ಡದು ಅನ್ನುವುದು ಬೇರೆಯೇ ಲೆಕ್ಕ. ದಿನಕ್ಕೆ 50 ಗ್ರಾಂ ಸಂಸ್ಕರಿಸಿದ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ 18% ಏರುತ್ತದೆ. ಜೀವಮಾನದಲ್ಲಿ ನೂರರಲ್ಲಿ ಐದು ಜನಕ್ಕೆ ಈ ಕಾಯಿಲೆ ಬರುತ್ತದೆ ಅಂದುಕೊಂಡರೆ, ಎಲ್ಲರೂ ದಿನಾ ಅಷ್ಟು ತಿಂದಾಗ ಅದು ಹತ್ತಿರ ಹತ್ತಿರ ಆರು ಆಗುತ್ತದೆ. ಸಿಗರೇಟು ಇದರ ಎಷ್ಟೋ ಪಟ್ಟು ಕೊಲ್ಲುತ್ತದೆ. ಹಾಗಂತ ಇದನ್ನು ತಳ್ಳಿಹಾಕುವಂತೆಯೂ ಇಲ್ಲ. ಮಾಂಸ ಕೆಡದಿರಲಿ ಅಂತ ಹಾಕುವ ನೈಟ್ರೈಟ್, ಮಾಂಸಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಜೊತೆ ಸೇರಿ ಕರುಳಿನಲ್ಲಿ ಡಿಎನ್‌ಎಗೆ ಗಾಯ ಮಾಡುವ ವಸ್ತುಗಳನ್ನು ಹುಟ್ಟಿಸುತ್ತದೆ. ತಾಜಾ ಕೆಂಪು ಮಾಂಸ ಇನ್ನೊಂದು ಮೆಟ್ಟಿಲು ಕೆಳಗೆ, 'ಬಹುಶಃ' ಅನ್ನುವ ಗುಂಪಿನಲ್ಲಿದೆ.

'ನಾನು ಬರೀ ಕೋಳಿ ತಿನ್ನೋದು, ನನಗೇನೂ ಆಗಲ್ಲ' ಅನ್ನುವವರಿಗೆ ಒಂದು ಸಣ್ಣ ಸುದ್ದಿ. 2019ರ ಒಂದು ಪ್ರಯೋಗದಲ್ಲಿ ಕೆಂಪು ಮಾಂಸ, ಬಿಳಿ ಮಾಂಸ, ಗಿಡದ ಪ್ರೋಟೀನ್ ಮೂರನ್ನೂ ಸರದಿಯಂತೆ ಕೊಟ್ಟು ನೋಡಿದರು. ಎಲ್‌ಡಿಎಲ್ ವಿಷಯದಲ್ಲಿ ಕೆಂಪಿಗೂ ಬಿಳಿಗೂ ವ್ಯತ್ಯಾಸ ಕಾಣಲಿಲ್ಲ. ಗಿಡದ ಪ್ರೋಟೀನಿನಲ್ಲಿ ಮಾತ್ರ ಕಡಿಮೆ ಇತ್ತು.

ಹಾಗಿದ್ದರೆ ಬರೀ ಮಾಂಸ ತಿಂದು ಬದುಕಬಹುದೇ? ಉತ್ತರ ಧ್ರುವದ ಕಡೆ ವರ್ಷಗಟ್ಟಲೆ ಅಲೆದಾಡಿ ಬಂದ ಅನ್ವೇಷಕ ವಿಲ್ಯಾಲ್ಮರ್ ಸ್ಟೆಫಾನ್ಸನ್ 'ಬದುಕಬಹುದು' ಅಂದಾಗ ಯಾರೂ ನಂಬಲಿಲ್ಲ. 1928ರಲ್ಲಿ ಆತ ಮತ್ತು ಒಬ್ಬ ಸಂಗಡಿಗ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಗೆ ಸೇರಿಕೊಂಡು, ವೈದ್ಯರ ಕಣ್ಗಾವಲಿನಲ್ಲಿ ಬರೀ ಮಾಂಸದ ಊಟ ಶುರು ಮಾಡಿದರು. ಒಂದು ವರ್ಷ ಹಾಗೇ ಕಳೆದರು. ಮೊದಲಿಗೆ ವೈದ್ಯರು ಸ್ಟೆಫಾನ್ಸನ್‌ಗೆ ಕೊಬ್ಬಿಲ್ಲದ ಮಾಂಸವನ್ನಷ್ಟೇ ಕೊಟ್ಟರು. ಎರಡು ಮೂರು ದಿನದಲ್ಲೇ ವಾಕರಿಕೆ, ಭೇದಿ. ಕೊಬ್ಬು ಸೇರಿಸಿದ ಮೇಲೆ ಸರಿಹೋಯಿತು. ನಮ್ಮ ಮೈ ಪ್ರೋಟೀನನ್ನು ಒಂದು ಮಿತಿಯವರೆಗೆ ಮಾತ್ರ ಉರುವಲಾಗಿ ಸುಡಬಲ್ಲದು. ವರ್ಷದ ಕೊನೆಗೆ ಇಬ್ಬರೂ ಚೆನ್ನಾಗಿಯೇ ಇದ್ದರು. ಹಣ್ಣು ತರಕಾರಿ ಇಲ್ಲದೆ ಬರಬೇಕಾಗಿದ್ದ ಸ್ಕರ್ವಿ, ಅಂದರೆ ವಿಟಮಿನ್ ಸಿ ಕೊರತೆಯ ರೋಗವೂ ಬರಲಿಲ್ಲ. ಹೆಚ್ಚು ಬೇಯಿಸದ ತಾಜಾ ಮಾಂಸದಲ್ಲಿ ಒಂದಿಷ್ಟು ವಿಟಮಿನ್ ಸಿ ಇರುತ್ತದೆ. ಇಂದಿಗೂ ಬರೀ ಮಾಂಸದ ಪಥ್ಯ ಮಾಡುವವರು ಈ ಕಥೆ ಹೇಳುತ್ತಾರೆ. ಕಥೆ ನಿಜವೇ. ಆದರೆ ಇಬ್ಬರು ಮನುಷ್ಯರು, ಒಂದು ವರ್ಷ! ಅಷ್ಟರಿಂದ ಇಡೀ ಜನ್ಮದ ಊಟ ತೀರ್ಮಾನ ಮಾಡುವುದೇ?

ಸಸ್ಯಾಹಾರದ ಕಡೆಯ ಹಳೇ ಚಿಂತೆ ಪ್ರೋಟೀನ್. ನನ್ನ ಪ್ರಕಾರ ಅದು ಬೇಕಾದ್ದಕ್ಕಿಂತ ದೊಡ್ಡದಾಗಿ ಬೆಳೆದ ಚಿಂತೆ. ಪ್ರೋಟೀನ್ ಕಟ್ಟುವ ಇಟ್ಟಿಗೆಗಳಾದ ಅಮೈನೋ ಆಮ್ಲಗಳಲ್ಲಿ, ಧಾನ್ಯದಲ್ಲಿ ಲೈಸಿನ್ ಕಡಿಮೆ, ಕಾಳಿನಲ್ಲಿ ಮೆಥಿಯೋನಿನ್ ಕಡಿಮೆ. ಎರಡನ್ನೂ ದಿನದಲ್ಲಿ ಯಾವಾಗಲಾದರೂ ತಿಂದರೆ ಲೆಕ್ಕ ಸರಿಹೋಗುತ್ತದೆ. ಕಬ್ಬಿಣದ ವಿಷಯ ಸ್ವಲ್ಪ ಗಂಭೀರ. ಮಾಂಸದ ಕಬ್ಬಿಣ ಸಲೀಸಾಗಿ ಒಳಗೆ ಹೋಗುತ್ತದೆ. ಕಾಳಿನ ಕಬ್ಬಿಣವನ್ನು ಫೈಟೇಟ್ ಅನ್ನುವ ವಸ್ತು ಕಚ್ಚಿಹಿಡಿದಿರುತ್ತದೆ. ಕಾಳನ್ನು ನೆನೆಸಿ ಮೊಳಕೆ ಬರಿಸಿದಾಗ ಬೀಜ ತನಗೆ ಇನ್ನು ಬೆಳೆಯುವ ಕಾಲ ಬಂತು ಅಂದುಕೊಂಡು, ಆ ಬೀಗವನ್ನು ತಾನೇ ತೆಗೆಯುತ್ತದೆ. ಅದರ ಮೇಲೆ ನಿಂಬೆರಸ ಹಿಂಡಿದರೆ ಇನ್ನೂ ಒಳ್ಳೆಯದು. ಊಟ ಆದ ಕೂಡಲೇ ಟೀ ಕುಡಿದರೆ ಮಾಡಿದ್ದೆಲ್ಲ ಅರ್ಧಕ್ಕರ್ಧ ನೀರಿನಲ್ಲಿ ಹೋಮ.

ಇವೆಲ್ಲಕ್ಕೂ ಅಡಿಗೆಮನೆಯಲ್ಲೇ ಉಪಾಯ ಇದೆ. ಹಾಲು ಮೊಟ್ಟೆಯನ್ನೂ ಬಿಟ್ಟವರಿಗೆ ಉಪಾಯವಿಲ್ಲದ್ದು ಒಂದೇ, ವಿಟಮಿನ್ ಬಿ12.

1926ರಲ್ಲಿ ಅಮೆರಿಕದ ಮೈನಾಟ್ ಮತ್ತು ಮರ್ಫಿ ಎಂಬ ವೈದ್ಯರು, ಆವರೆಗೆ ಮದ್ದೇ ಇಲ್ಲದೆ ಕೊಲ್ಲುತ್ತಿದ್ದ ಒಂದು ಬಗೆಯ ರಕ್ತಹೀನತೆಗೆ ದಿನಾ ಲಿವರ್ ತಿನ್ನಿಸಿ ರೋಗಿಗಳನ್ನು ಉಳಿಸಿದರು. ಅವರಿಗೆ 1934ರಲ್ಲಿ ನೊಬೆಲ್ ಬಂತು. ಲಿವರಿನಲ್ಲಿದ್ದ ಆ ಮಾಯದ ವಸ್ತು ಬಿ12 ಅಂತ ಕೈಗೆ ಸಿಕ್ಕಿದ್ದು 1948ರಲ್ಲಿ. ದಿನಕ್ಕೆ ಬೇಕಾದ್ದು 2.4 ಮೈಕ್ರೋಗ್ರಾಂ. ಒಂದು ಗ್ರಾಂ ಇದ್ದರೆ ಒಬ್ಬರಿಗೆ 1,100 ವರ್ಷಕ್ಕೂ ಸಾಕು, ಅಷ್ಟು ಸಣ್ಣ ಪ್ರಮಾಣ! ಆದರೂ ಗಿಡ ಇದನ್ನು ಮಾಡುವುದಿಲ್ಲ. ತಮಾಷೆ ಎಂದರೆ ಪ್ರಾಣಿಯೂ ಮಾಡುವುದಿಲ್ಲ. ಮಾಡುವುದು ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಗಳು ಮಾತ್ರ. ಹಸುವಿನ ಹೊಟ್ಟೆಯಲ್ಲಿ ಅವು ಮೊದಲ ಕೋಣೆಯಲ್ಲೇ ಇವೆ. ಹಾಗಾಗಿ ಮಾಡಿದ ಬಿ12 ಮುಂದೆ ಹರಿದು ಸಣ್ಣ ಕರುಳಿನಲ್ಲಿ ಹೀರಿಕೆಯಾಗುತ್ತದೆ. ನಮ್ಮಲ್ಲೂ ಅವು ಇವೆ, ಆದರೆ ದೊಡ್ಡ ಕರುಳಿನಲ್ಲಿ. ಹೀರಿಕೊಳ್ಳುವ ಜಾಗ ಸಣ್ಣ ಕರುಳಿನ ಕೊನೆಯಲ್ಲಿ, ಅಂದರೆ ಮೇಲೆಯೇ ಮುಗಿದುಹೋಗಿದೆ. ಬಸ್ಸು ಹೋದ ಮೇಲೆ ಸ್ಟಾಪಿಗೆ ಬಂದ ಪ್ರಯಾಣಿಕನ ಪಾಡು ಅದಕ್ಕೆ. ಮೊಲಕ್ಕೂ ಇದೇ ತೊಂದರೆ. ಅದು ತನ್ನ ಹಿಕ್ಕೆಯನ್ನು ತಾನೇ ಇನ್ನೊಮ್ಮೆ ತಿಂದು ಬಗೆಹರಿಸಿಕೊಂಡಿದೆ. ನಮಗೆ ಆ ದಾರಿ ಬೇಡ.

ಬಿ12 ಕೊರತೆ ಗೊತ್ತಾಗದಂತೆ ಬರುತ್ತದೆ. ಲಿವರಿನಲ್ಲಿ ಕೆಲವು ವರ್ಷಕ್ಕಾಗುವಷ್ಟು ದಾಸ್ತಾನು ಇರುವುದರಿಂದ, ವೀಗನ್ ಆದ ಮೊದಲ ವರ್ಷ 'ನಾನು ಆರಾಮಾಗಿದ್ದೀನಿ' ಅನಿಸುವುದು ಸಹಜ. ಸೊಪ್ಪು ಕಾಳಿನಲ್ಲಿರುವ ಫೋಲೇಟ್ ಎಂಬ ಇನ್ನೊಂದು ಬಿ ವಿಟಮಿನ್ ರಕ್ತಹೀನತೆಯನ್ನು ಮುಚ್ಚಿಡುತ್ತದೆ. ಒಳಗೊಳಗೇ ನರಗಳು ಹಾಳಾಗುತ್ತಿರುತ್ತವೆ. ಕೈಕಾಲು ಜುಮ್ಮೆನ್ನುವುದು, ನಡೆಯುವಾಗ ಸಮತೋಲ ತಪ್ಪುವುದು ಆಮೇಲೆ. ಬಸುರಿಯರಿಗೆ, ಎಳೆ ಮಕ್ಕಳಿಗೆ ಇದು ಆಟವಾಡುವ ವಿಷಯವೇ ಅಲ್ಲ. ಮಾಂಸ ತಿನ್ನುವ ವಯಸ್ಸಾದವರಿಗೂ ಇದು ಬರಬಹುದು. ಬಿ12ನ್ನು ಊಟದಿಂದ ಬಿಡಿಸಲು ಜಠರದ ಆಮ್ಲ ಬೇಕು, ವಯಸ್ಸಾದಂತೆ ಅದು ಕಡಿಮೆಯಾಗುತ್ತದೆ. ಡಯಾಬಿಟಿಸಿಗೆ ಕೊಡುವ ಮೆಟ್‌ಫಾರ್ಮಿನ್ ಕೂಡ ಇದನ್ನು ತಗ್ಗಿಸುತ್ತದೆ. ಸ್ಪಿರುಲಿನಾ ಎಂಬ ಪಾಚಿಯ ಪುಡಿ ತಿಂದರೆ ಸಾಕು ಅನ್ನುವವರ ಮಾತು ನಂಬಬೇಡಿ. ಅದರಲ್ಲಿರುವುದು ಬಹುಪಾಲು ನಕಲಿ ಬಿ12, ನಮ್ಮ ಮೈಗೆ ಕೆಲಸಕ್ಕೆ ಬಾರದ್ದು.

ಉಳಿದ ದಾರಿ ಮಾತ್ರೆ, ಇಲ್ಲವೇ ಬಿ12 ಬೆರೆಸಿದ ಆಹಾರ. 'ಮಾತ್ರೆ ನುಂಗಬೇಕಾದ ಊಟ ಎಂಥ ಸಹಜ ಊಟ' ಅಂತ ಮಾಂಸದ ಪರದವರು ನಗುತ್ತಾರೆ. ಆ ಮಾತ್ರೆಯ ಬಿ12 ತಯಾರಾಗುವುದು ಕಾರ್ಖಾನೆಯ ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿದ ಬ್ಯಾಕ್ಟೀರಿಯಾಗಳಿಂದ. ಶೆಡ್ಡಿನೊಳಗೆ ಸಾಕುವ ಕೋಳಿ, ಹಂದಿಗಳಿಗೆ ಮಣ್ಣು ಕೆದರಲು ಜಾಗವಿಲ್ಲ, ಹಸುವಿನಂಥ ಹೊಟ್ಟೆಯೂ ಇಲ್ಲ. ಆದ್ದರಿಂದ ಅವುಗಳ ಮೇವಿಗೂ ಅಂಥದೇ ತೊಟ್ಟಿಯ ಬಿ12 ಬೆರೆಸುತ್ತಾರೆ.