ಅಳೆಯುವುದಾದರೆ ಮೊದಲು ಅವರಿಗೇ ತೋರಿಸಿ

ಅದೊಂದು ಸಣ್ಣ ಸಾಫ್ಟ್‌ವೇರ್ ಕಂಪನಿ. ಒಟ್ಟು ಮೂವತ್ತು ಜನ. ಹತ್ತು ಮಂದಿ ಬೆಂಗಳೂರಿನ ಆಫೀಸಿನಲ್ಲಿದ್ದರೆ ಉಳಿದವರು ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗಗಳಲ್ಲಿ ಮನೆಯಿಂದಲೇ ಕೆಲಸ ಮಾಡುತ್ತಾರೆ. ಒಬ್ಬರು ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿದ್ದಾರೆ. ಆ ಕಂಪನಿಯ ಮ್ಯಾನೇಜರ್ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ ಒಂದು ಸಂಖ್ಯೆ ತೋರಿಸಿದರು. 38%. ಕೆಂಪು ಬಣ್ಣದಲ್ಲಿತ್ತು. "ನೋಡಿ, ಈ ಹುಡುಗಿ ಎಂಟು ಗಂಟೆಯಲ್ಲಿ ಮೂರು ಗಂಟೆ ಮಾತ್ರ ಕೆಲಸ ಮಾಡ್ತಾಳೆ" ಅಂದರು.

ಊರೂರಲ್ಲಿ ಹರಡಿಕೊಂಡಿರುವ ಟೀಮ್‌ಗಳಿಗೆ ಹಾಜರಿ, ರಜೆ, ಸಮಯದ ಲೆಕ್ಕ ಇಂಥ ವ್ಯವಸ್ಥೆ ಕಟ್ಟಿಕೊಡುವುದು ನನ್ನ ಕೆಲಸ. ಈ ಕೆಂಪು ಸಂಖ್ಯೆಯನ್ನು ನಾನು ಬೇರೆ ಬೇರೆ ಕಂಪನಿಗಳಲ್ಲಿ ಎಷ್ಟೋ ಸಲ ನೋಡಿದ್ದೇನೆ. ಅದು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ಲೆಕ್ಕ ತುಂಬಾ ಸರಳ. ಹಬ್‌ಸ್ಟಾಫ್‌ನಂಥ, ಸಿಬ್ಬಂದಿಯ ಸಮಯ ಅಳೆಯುವ ಟೂಲ್‌ಗಳು ಸಮಯವನ್ನು ಹತ್ತು ಹತ್ತು ನಿಮಿಷದ ತುಂಡು ಮಾಡುತ್ತವೆ. ಹತ್ತು ನಿಮಿಷ ಅಂದರೆ 600 ಸೆಕೆಂಡ್. ಅದರಲ್ಲಿ ಎಷ್ಟು ಸೆಕೆಂಡ್ ಕೀಬೋರ್ಡ್ ಒತ್ತಿದ್ದೀರಿ ಅಥವಾ ಮೌಸ್ ಅಲ್ಲಾಡಿಸಿದ್ದೀರಿ ಎಂದು ಎಣಿಸುತ್ತವೆ. 228 ಸೆಕೆಂಡ್ ಆದರೆ 38%. ಅಷ್ಟೇ. ಉಳಿದ 372 ಸೆಕೆಂಡ್ ನೀವು ಏನು ಮಾಡುತ್ತಿದ್ದಿರಿ ಎಂಬುದು ಆ ಟೂಲ್‌ಗೆ ಗೊತ್ತಿಲ್ಲ. ಓದುತ್ತಿದ್ದಿರೋ, ಯೋಚಿಸುತ್ತಿದ್ದಿರೋ, ಫೋನಿನಲ್ಲಿದ್ದಿರೋ, ನಿದ್ದೆಯಲ್ಲಿದ್ದಿರೋ, ಅದಕ್ಕೆ ಎಲ್ಲ ಒಂದೇ.

ಆ ಹುಡುಗಿ ಟೆಸ್ಟರ್, ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ನಾನು ಹೇಳಿದ ಮೇಲೆ ಮ್ಯಾನೇಜರ್ ಅವಳನ್ನು ವಿಡಿಯೊ ಕಾಲ್‌ಗೆ ಕರೆದು ಸ್ಕ್ರೀನ್ ತೋರಿಸಿದರು. ಆ ಪುಟವನ್ನು ಅವಳು ನೋಡಿದ್ದು ಅದೇ ಮೊದಲು. ಎರಡು ನಿಮಿಷ ಸುಮ್ಮನೆ ನೋಡಿದಳು. ಆಮೇಲೆ ಒಂದು ನೋಟ್‌ಬುಕ್ ಎತ್ತಿ ಕ್ಯಾಮೆರಾಗೆ ಹಿಡಿದಳು. ಉದ್ದದ ರೂಲ್ಡ್ ಪುಸ್ತಕ, ನೀಲಿ ಇಂಕು, ಪುಟದ ತುಂಬ ಟೆಸ್ಟ್ ಕೇಸ್‌ಗಳು. ಹೊಸ ಫೀಚರ್ ಬಂದಾಗ ಅವಳು ಮೊದಲು ಕಾಗದದ ಮೇಲೆ ಬರೆದು, ಯಾವ ದಾರಿಯಲ್ಲೆಲ್ಲ ಅದು ಮುರಿಯಬಹುದು ಎಂದು ಯೋಚಿಸಿ, ಆಮೇಲೆ ಕಂಪ್ಯೂಟರ್ ಮುಟ್ಟುತ್ತಾಳೆ. ದಿನಕ್ಕೆ ಒಂದು ಗಂಟೆಯಾದರೂ ಕ್ಲೈಂಟ್ ಜೊತೆ ಮೊಬೈಲ್‌ನಲ್ಲಿ ಮಾತಾಡುತ್ತಾಳೆ. ಆ ತಿಂಗಳು ಟೀಮ್‌ನಲ್ಲಿ ಅತಿ ಹೆಚ್ಚು ಗಂಭೀರ ಬಗ್‌ಗಳನ್ನು ಹಿಡಿದವಳೂ ಅವಳೇ.

ಅಷ್ಟರಲ್ಲಿ ಅವಳ ಇನ್ಸೆಂಟಿವ್ ಕಡಿತವಾಗಿ ಹೋಗಿತ್ತು. ನನಗೆ ನೋವಾದದ್ದು ಅಲ್ಲಿ. ಎರಡು ನಿಮಿಷದಲ್ಲಿ ಸರಿಹೋಗುವ ತಪ್ಪು ಅದು. ಸಂಖ್ಯೆಯನ್ನು ಅವಳಿಗೆ ತೋರಿಸಿರಲಿಲ್ಲ, ಹಾಗಾಗಿ ಮೂರು ತಿಂಗಳು ಸರಿಹೋಗಲಿಲ್ಲ.

ಮಾನಿಟರಿಂಗ್ ಬೇಕೋ ಬೇಡವೋ ಎಂದು ಜನ ನನ್ನನ್ನು ಕೇಳುತ್ತಾರೆ. ನಾನು ಮೊದಲು ಕೇಳುವುದು ಬೇರೆ ಪ್ರಶ್ನೆ: ನೀವು ಅಳೆದದ್ದನ್ನು ಮೊದಲು ಓದುವವರು ಯಾರು? ಕೆಲಸ ಮಾಡಿದವರೇ ಮೊದಲು ಓದದಿದ್ದರೆ ಅದು ಅನ್ಯಾಯ ಮಾತ್ರವಲ್ಲ, ಲೆಕ್ಕವೂ ತಪ್ಪಾಗಿರುತ್ತದೆ.

ನಾನೂ ತಪ್ಪು ಮಾಡಿದ್ದೇನೆ. 2020ರ ಲಾಕ್‌ಡೌನ್‌ನಲ್ಲಿ ಎಲ್ಲರೂ ರಾತ್ರೋರಾತ್ರಿ ಮನೆಗೆ ಹೋದಾಗ ಒಂದು ಕಂಪನಿ ಗಾಬರಿಯಿಂದ ಫೋನ್ ಮಾಡಿತು. ಹತ್ತು ನಿಮಿಷಕ್ಕೊಂದು ಸ್ಕ್ರೀನ್‌ಶಾಟ್ ಬೇಕು ಎಂದಿತು. ನಾನು ಹಾಕಿಕೊಟ್ಟೆ. ಒಂದು ತಿಂಗಳ ನಂತರ ಬಿಲ್ಲಿಂಗ್ ಹೊಂದಿಸಲು ಆ ಚಿತ್ರಗಳನ್ನು ತೆರೆದೆ. ಒಬ್ಬರ ಸ್ಕ್ರೀನಿನಲ್ಲಿ ಬ್ಯಾಂಕ್ ಪುಟವಿತ್ತು, ಸಾಲದ ಕಂತು ಬಾಕಿ ಇರುವುದು ಕಾಣುತ್ತಿತ್ತು. ಇನ್ನೊಬ್ಬರದರಲ್ಲಿ ಅಮ್ಮನ ಸ್ಕ್ಯಾನ್ ರಿಪೋರ್ಟ್. ಊಟದ ಹೊತ್ತಿನಲ್ಲಿ ತೆರೆದಿದ್ದರು. ಆ ರಿಪೋರ್ಟನ್ನು ನಾನು ಓದಿಬಿಟ್ಟೆ, ಕಣ್ಣು ತಾನಾಗಿ ಹೋಯಿತು. ಅವರು ಮನೆಯವರಿಗೂ ಹೇಳಿದ್ದರೋ ಇಲ್ಲವೋ, ಗುರುತು ಪರಿಚಯ ಇಲ್ಲದ ನನಗೆ ಗೊತ್ತಾಗಿಹೋಗಿತ್ತು. ಅವತ್ತಿನಿಂದ ನಾನು ಎಲ್ಲಿಯೂ ಸ್ಕ್ರೀನ್‌ಶಾಟ್ ಆನ್ ಮಾಡಿಕೊಟ್ಟಿಲ್ಲ.

ತೆಗೆದ ಚಿತ್ರಗಳನ್ನು ಎಲ್ಲೋ ಇಡಬೇಕಲ್ಲ, ಅಪಾಯ ಅಲ್ಲಿಯೂ ಇದೆ. 2025ರಲ್ಲಿ ವರ್ಕ್‌ಕಂಪೋಸರ್ ಎಂಬ ಮಾನಿಟರಿಂಗ್ ಟೂಲ್‌ನ 2 ಕೋಟಿ 10 ಲಕ್ಷಕ್ಕೂ ಹೆಚ್ಚು ಸ್ಕ್ರೀನ್‌ಶಾಟ್‌ಗಳು ಬೀಗವಿಲ್ಲದ ಕ್ಲೌಡ್ ಸ್ಟೋರೇಜ್‌ನಲ್ಲಿ ಬಿದ್ದಿರುವುದು ಪತ್ತೆಯಾಯಿತು. ಕಂಪನಿಗಳ ಇಮೇಲ್, ಒಳಗಿನ ಚಾಟ್, ಪಾಸ್‌ವರ್ಡ್ ಎಲ್ಲ ಅಂಥ ಚಿತ್ರಗಳಲ್ಲಿ ಇರುತ್ತವೆ. ಸಿಬ್ಬಂದಿಯನ್ನು ನೋಡಲು ಹೋಗಿ ಕಂಪನಿ ತನ್ನ ಮನೆಯ ಬಾಗಿಲನ್ನೇ ತೆರೆದಿಟ್ಟ ಹಾಗೆ.

ಕದ್ದು ನೋಡುವುದರಿಂದ ಇನ್ನೊಂದು ಕೆಟ್ಟ ಪರಿಣಾಮ ಇದೆ. ನೀವು ಚಾಪೆ ಕೆಳಗೆ ನುಸುಳಿದರೆ ಅವರು ರಂಗೋಲಿ ಕೆಳಗೆ ನುಸುಳುತ್ತಾರೆ. ಮೈಕ್ರೋಸಾಫ್ಟ್ ಟೀಮ್ಸ್ ಎಂಬ ಆಫೀಸ್ ಚಾಟ್ ಆ್ಯಪ್‌ನಲ್ಲಿ ನೀವು ಕೆಲಸದಲ್ಲಿದ್ದೀರಿ ಎಂದು ತೋರಿಸುವ ಹಸಿರು ಚುಕ್ಕೆ ಹಳದಿಯಾಗದಿರಲು ಮೌಸನ್ನು ತಾನಾಗಿ ಅಲ್ಲಾಡಿಸುವ ಸಣ್ಣ ಯಂತ್ರಗಳು ಆನ್‌ಲೈನ್‌ನಲ್ಲಿ ಸಲೀಸಾಗಿ ಸಿಗುತ್ತವೆ. 2024ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕ್ ಕೀಬೋರ್ಡ್ ಚಟುವಟಿಕೆಯನ್ನು ನಕಲಿಯಾಗಿ ತೋರಿಸಿದ್ದಕ್ಕೆ ಹನ್ನೆರಡಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆಯಿತು. ಮೋಸ ಮಾಡಿದ್ದು ತಪ್ಪೇ. ಆದರೆ ಮೌಸ್ ಅಲ್ಲಾಡುವುದನ್ನೇ ಕೆಲಸ ಎಂದು ಎಣಿಸಿದರೆ ಜನ ಮೌಸನ್ನೇ ಅಲ್ಲಾಡಿಸುತ್ತಾರೆ, ಅಲ್ವಾ?

ಹೊರದೇಶಗಳಲ್ಲಿ ಈ ವಿಷಯ ಕೋರ್ಟಿನವರೆಗೂ ಹೋಗಿದೆ. ನಾನು ಮಾಲೀಕರಿಗೆ ತಪ್ಪದೆ ಹೇಳುವ ಕಥೆ ರೊಮೇನಿಯಾದ ಬರ್ಬುಲೆಸ್ಕು ಪ್ರಕರಣ. ಅವರು ಸೇಲ್ಸ್ ನೋಡಿಕೊಳ್ಳುತ್ತಿದ್ದ ಎಂಜಿನಿಯರ್. ಗ್ರಾಹಕರ ಜೊತೆ ಮಾತಾಡಲು ಕಂಪನಿ ಹೇಳಿ ಯಾಹೂ ಮೆಸೆಂಜರ್ ಖಾತೆ ತೆರೆಸಿತ್ತು. 2007ರ ಜುಲೈನಲ್ಲಿ ಅವರನ್ನು ಕರೆದು, ಖಾತೆಯನ್ನು ಸ್ವಂತಕ್ಕೆ ಬಳಸಿದ್ದೀರಿ ಎಂದಿತು. ಇಲ್ಲ ಎಂದರು. ಆಗ 45 ಪುಟಗಳ ಚಾಟ್ ಮುಂದೆ ಇಟ್ಟಿತು. ಸಹೋದರನ ಜೊತೆಗಿನ ಮಾತು, ಮದುವೆಯಾಗಬೇಕಿದ್ದ ಹುಡುಗಿಯ ಜೊತೆಗಿನ ಮಾತು, ಎಲ್ಲ ಅದರಲ್ಲಿತ್ತು. ಕೆಲಸ ಹೋಯಿತು. ಹತ್ತು ವರ್ಷದ ನಂತರ, 2017ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. 11 ನ್ಯಾಯಾಧೀಶರು ಅವರ ಪರ, 6 ಜನ ವಿರುದ್ಧ. ಕಂಪನಿ ಗಮನಿಸಲೇಬಾರದು ಎಂದು ಅದು ಹೇಳಲಿಲ್ಲ. ಮೊದಲೇ ಹೇಳಿದ್ದರೇ? ಎಷ್ಟು ನೋಡುತ್ತೇವೆ ಎಂದು ತಿಳಿಸಿದ್ದರೇ? ಒಳಗಿನ ಮಾತು ಓದದೆಯೇ ಕೆಲಸ ಆಗುತ್ತಿರಲಿಲ್ಲವೇ? ಈ ಪ್ರಶ್ನೆಗಳಿಗೆ ಉತ್ತರ ಬೇಕು ಎಂದಿತು. ಹೊಸ ಟೂಲ್ ಹಾಕುವ ಮುಂಚೆ ನಾನು ಕೇಳುವುದೂ ಇವೇ ಮೂರನ್ನು.

ಫ್ರಾನ್ಸ್‌ನ ಡೇಟಾ ಸಂರಕ್ಷಣಾ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಒಂದು ರಿಯಲ್ ಎಸ್ಟೇಟ್ ಕಂಪನಿಗೆ 40,000 ಯೂರೊ ದಂಡ ಹಾಕಿತು. ಸಿಬ್ಬಂದಿ 3ರಿಂದ 15 ನಿಮಿಷ ಕೀಬೋರ್ಡ್, ಮೌಸ್ ಎರಡನ್ನೂ ಮುಟ್ಟದಿದ್ದರೆ ಅದನ್ನು ಕೆಲಸ ಮಾಡದ ಸಮಯ ಎಂದು ಆ ಕಂಪನಿ ಬರೆದುಕೊಳ್ಳುತ್ತಿತ್ತು. ಮೀಟಿಂಗ್, ಫೋನ್ ಕಾಲ್ ಕೂಡ ಕೆಲಸವೇ ಎಂಬುದು ಸಂಸ್ಥೆಯ ಮಾತು. ನಮ್ಮ ಟೆಸ್ಟರ್‌ನ ನೋಟ್‌ಬುಕ್ ನೆನಪಾಯಿತು ನನಗೆ.

ನಮ್ಮಲ್ಲಿ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂತು. 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಯಾಗುತ್ತವೆ. ಉದ್ಯೋಗದ ಉದ್ದೇಶಕ್ಕೆ ಒಪ್ಪಿಗೆ ಕೇಳದೆಯೂ ಡೇಟಾ ಬಳಸಬಹುದು ಎಂಬ ಅವಕಾಶ ಈ ಕಾಯ್ದೆಯ 7ನೇ ಸೆಕ್ಷನ್‌ನಲ್ಲಿದೆ. ಎಚ್‌ಆರ್‌ನವರು ಅದನ್ನು ನನಗೆ ತೋರಿಸಿ "ಹಾಗಾದ್ರೆ ಹೇಳೋದೇ ಬೇಡ ಅಲ್ವಾ ಸರ್" ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಇಟ್ಟುಕೊಂಡ ಡೇಟಾವನ್ನು ಜೋಪಾನವಾಗಿ ಕಾಯುವ ಹೊಣೆ ಅದೇ ಕಾಯ್ದೆಯಲ್ಲಿದೆ, ತಪ್ಪಿದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಅದಕ್ಕಿಂತ ಮುಖ್ಯವಾಗಿ, ಕಾನೂನು ಅವಕಾಶ ಕೊಟ್ಟಿದೆಯಲ್ಲ ಎಂದುಕೊಂಡು ಸಿಬ್ಬಂದಿಗೆ ತಿಳಿಸದೆ ನೋಡಿದರೆ ಆ ಟೀಮ್‌ನ ನಂಬಿಕೆ ಮತ್ತೆ ಬರುವುದಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಷ್ಟೆಲ್ಲ ಹೇಳಿದೆ ಅಂತ ನಾನು ಸಮಯದ ಲೆಕ್ಕಕ್ಕೆ ವಿರೋಧಿ ಅಲ್ಲ. ಆ ಲೆಕ್ಕ ಮಾಲೀಕರಿಗಿಂತ ಜಾಸ್ತಿ ಬೇಕಾಗಿರುವುದು ಸಿಬ್ಬಂದಿಗೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಅದರಲ್ಲಿದೆ. ಹೆಚ್ಚು ಹೊತ್ತು ದುಡಿದರೆ ಎರಡರಷ್ಟು ಕೂಲಿ. 2024ರಲ್ಲಿ ಐಟಿ ವಲಯಕ್ಕೆ ದಿನಕ್ಕೆ 14 ಗಂಟೆಯ ಪ್ರಸ್ತಾವ ಬಂದಾಗ ಐಟಿ ನೌಕರರ ಸಂಘ ಕೆಐಟಿಯು ಜೋರಾಗಿ ವಿರೋಧಿಸಿತು. ಆ ಚರ್ಚೆ ನಡೆಯುತ್ತಿದ್ದಾಗ ನನಗೆ ಒಂದೇ ಯೋಚನೆ: ಮನೆಯಿಂದ ಕೆಲಸ ಮಾಡುವವರು ಈಗಲೇ ಎಷ್ಟು ಗಂಟೆ ದುಡಿಯುತ್ತಿದ್ದಾರೆ ಎಂಬುದಕ್ಕೆ ಅವರ ಕೈಯಲ್ಲಿ ದಾಖಲೆ ಎಲ್ಲಿದೆ?

ಹುಬ್ಬಳ್ಳಿಯ ಒಬ್ಬ ಸಪೋರ್ಟ್ ಎಂಜಿನಿಯರ್ ಹತ್ತಿರ ಅದು ಇತ್ತು. ಅಮೆರಿಕದ ಕ್ಲೈಂಟ್. ರಾತ್ರಿ ಹತ್ತಕ್ಕೆ ಕಾಲ್, ಬೆಳಿಗ್ಗೆ ಒಂಬತ್ತಕ್ಕೆ ಮತ್ತೆ ಲಾಗಿನ್. ನಾವು ಹಾಕಿದ್ದ ಟ್ರ್ಯಾಕರ್‌ನಲ್ಲಿ ಅವರೇ ಪ್ರತಿ ಕೆಲಸ ಶುರು ಮಾಡುವಾಗ ಒತ್ತಬೇಕು, ಮುಗಿದಾಗ ನಿಲ್ಲಿಸಬೇಕು. ಕೀಬೋರ್ಡ್ ಎಣಿಕೆ ಇಲ್ಲ, ಚಿತ್ರ ಇಲ್ಲ. ಮೂರು ವಾರದ ನಂತರ ಅವರು ತಮ್ಮ ಪುಟ ತೆರೆದು ಮ್ಯಾನೇಜರ್‌ಗೆ ತೋರಿಸಿದರು. ಎರಡು ದಿನ 11 ಗಂಟೆ ದಾಟಿತ್ತು. ಜೊತೆಗೆ ಇನ್ನೊಂದು ಸಂಗತಿ ಕಂಡಿತು: ವಾರಕ್ಕೆ ಐದಾರು ಗಂಟೆ 'ವಿಪಿಎನ್ ಕಾಯುವುದು' ಎಂಬ ಹೆಸರಿನಲ್ಲಿ ಹೋಗಿತ್ತು. ವಿಪಿಎನ್ ಅಂದರೆ ಮನೆಯಿಂದ ಕಂಪನಿಯ ನೆಟ್‌ವರ್ಕ್ ಒಳಗೆ ಹೋಗುವ ಸುರಕ್ಷಿತ ದಾರಿ. ಮ್ಯಾನೇಜರ್ ಇಷ್ಟು ದಿನ ಇವರು ನಿಧಾನ ಎಂದುಕೊಂಡಿದ್ದರು. ನಿಧಾನವಾಗಿದ್ದದ್ದು ವಿಪಿಎನ್. ಅದನ್ನು ಸರಿಮಾಡಿಸಿದರು, ರಾತ್ರಿ ಕಾಲ್‌ಗಳನ್ನು ಇಬ್ಬರಿಗೆ ಹಂಚಿದರು.

ಈಗ ನಾನು ಹೊಸ ಕಂಪನಿಗೆ ಹೋದರೆ ಮೊದಲ ದಿನ ಸಾಫ್ಟ್‌ವೇರ್ ಮುಟ್ಟುವುದಿಲ್ಲ. ಒಂದು ಪುಟ ಬರೆಯುತ್ತೇವೆ. ಇಂಗ್ಲಿಷ್‌ನಲ್ಲೊಂದು, ಕನ್ನಡದಲ್ಲೊಂದು. ವಕೀಲರ ಭಾಷೆ ಬೇಡ. ಅದು ಹೀಗಿರುತ್ತದೆ: "ನೀವು ಯಾವ ಕೆಲಸಕ್ಕೆ ಎಷ್ಟು ಹೊತ್ತು ಕೊಟ್ಟಿರಿ ಎಂದು ನೀವೇ ದಾಖಲಿಸುತ್ತೀರಿ. ಕ್ಲೈಂಟ್ ಬಿಲ್ ಮತ್ತು ಓವರ್‌ಟೈಮ್ ಲೆಕ್ಕಕ್ಕೆ ಇದು ಬೇಕು. ಕ್ಯಾಮೆರಾ, ಮೈಕ್, ಸ್ಕ್ರೀನ್, ಕೀಬೋರ್ಡ್, ಫೋನಿನ ಲೊಕೇಶನ್ ಯಾವುದನ್ನೂ ನೋಡುವುದಿಲ್ಲ. ನಿಮ್ಮ ಪುಟವನ್ನು ಮೊದಲು ನೀವು ನೋಡುತ್ತೀರಿ. ಸೋಮವಾರ ಮಧ್ಯಾಹ್ನದವರೆಗೆ ತಿದ್ದಬಹುದು. ಆಮೇಲೆ ನಿಮ್ಮ ಟೀಮ್ ಲೀಡ್ ನೋಡುತ್ತಾರೆ. ಮೇಲಿನವರಿಗೆ ಇಡೀ ಟೀಮ್‌ನ ಒಟ್ಟು ಲೆಕ್ಕ ಮಾತ್ರ ಹೋಗುತ್ತದೆ. ಹೆಸರಿನ ಜೊತೆ ಬೇಕಾದರೆ ನಿಮಗೆ ತಿಳಿಸಿಯೇ ತೆಗೆಯುತ್ತಾರೆ. ಈ ಲೆಕ್ಕ ಒಂದನ್ನೇ ಹಿಡಿದು ಯಾರ ಸಂಬಳವನ್ನೂ ಕಡಿಯುವುದಿಲ್ಲ."

ತಿದ್ದಲು ಬಿಟ್ಟರೆ ಸುಳ್ಳು ಬರೆಯುತ್ತಾರೆ ಎಂಬ ಹೆದರಿಕೆ ಎಲ್ಲ ಮಾಲೀಕರಿಗೂ ಇದೆ. ನನ್ನ ಅನುಭವದಲ್ಲಿ ತಿದ್ದುಪಡಿಗಳು ಹೆಚ್ಚಾಗಿ ಇಂಥವು: 'ಕರೆಂಟ್ ಹೋಗಿತ್ತು, 40 ನಿಮಿಷ'. 'ಟೈಮರ್ ನಿಲ್ಲಿಸಲು ಮರೆತೆ, ಊಟದ ಹೊತ್ತು ತೆಗೆಯಿರಿ'. ಎರಡನೆಯದನ್ನು ನೋಡಿ. ತಮ್ಮ ಲೆಕ್ಕದಿಂದ ತಾವೇ ಕಳೆಯುತ್ತಿದ್ದಾರೆ. ತೀರ್ಥಹಳ್ಳಿ ಕಡೆಯವರದು ಮಳೆಗಾಲದಲ್ಲಿ ಮೊದಲನೆಯದೇ ಜಾಸ್ತಿ. ಅದನ್ನು ನೋಡಿಯೇ ಕಂಪನಿ ಅವರ ಮನೆಗೆ ಇನ್ವರ್ಟರ್ ಹಾಕಿಸಿಕೊಟ್ಟಿತು.

ಆ ಮೂವತ್ತು ಜನರ ಕಂಪನಿಯಲ್ಲಿ ಈ ಪುಟವನ್ನು ಓದಿ ಹೇಳಿದ ದಿನ ಎಲ್ಲರೂ ವಿಡಿಯೊ ಕಾಲ್‌ನಲ್ಲಿದ್ದರು. ಟೆಸ್ಟರ್ ಒಂದೇ ಪ್ರಶ್ನೆ ಕೇಳಿದಳು. "ಸರ್, ನಿಮ್ಮ ಸಮಯವೂ ಇದರಲ್ಲಿ ಕಾಣುತ್ತಾ?" ಮಾಲೀಕರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಕಾಣಲಿ" ಎಂದು ತಮ್ಮ ಹೆಸರನ್ನೂ ಸೇರಿಸಿದರು. ಮುಂದಿನ ಸೋಮವಾರ ಅವರ ಪುಟ ಎಲ್ಲರಿಗೂ ತೆರೆದಿತ್ತು. 22 ಗಂಟೆ ಮೀಟಿಂಗ್. ಅದರಲ್ಲಿ ಅರ್ಧದಷ್ಟು ಅದೇ ಟೀಮ್‌ನವರ ಜೊತೆ. ಬುಧವಾರ ಸಂಜೆಯ ಮೀಟಿಂಗ್ ಆ ವಾರದಿಂದ ನಿಂತಿತು. ಟ್ರ್ಯಾಕರ್‌ನ ಕೆಲಸಗಳ ಪಟ್ಟಿಗೆ ಒಂದು ಹೊಸ ಸಾಲು ಸೇರಿತು: 'ಓದು, ಯೋಚನೆ, ನೋಟ್‌ಬುಕ್'.