ಕೆಂಪುಕಲ್ಲು ಹೊತ್ತ ಡ್ರೋನ್: ನಾನು ಎಡವಿದ ಲೆಕ್ಕ

ಡ್ರೋನಿನಿಂದ ಕಟ್ಟಡ ಕಟ್ಟುವ ವಿಷಯದಲ್ಲಿ ಎರಡು ಪ್ರಯೋಗ ನೆನಪಿಟ್ಟುಕೊಳ್ಳಿ. 2011ರಲ್ಲಿ ಫ್ರಾನ್ಸಿನಲ್ಲಿ ಸ್ವಿಟ್ಜರ್ಲೆಂಡಿನ ವಿಶ್ವವಿದ್ಯಾಲಯ ಈಟಿಎಚ್ ಜ್ಯೂರಿಕ್‌ನವರು ಪುಟ್ಟ ಡ್ರೋನ್‌ಗಳಿಂದ 1,500 ಫೋಮ್ ಇಟ್ಟಿಗೆ ಇಡಿಸಿ 6 ಮೀಟರ್ ಗೋಪುರ ನಿಲ್ಲಿಸಿದರು. 2022ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡದ ಡ್ರೋನ್ ಹಾರುತ್ತಲೇ ಸಿಮೆಂಟ್ ಮಿಶ್ರಣ ಸುರಿದು ಕಟ್ಟಿದ ಸಿಲಿಂಡರಿನ ಎತ್ತರ 18 ಸೆಂಟಿಮೀಟರ್. ಮೊದಲನೆಯದು ಬರೀ ಫೋಮ್, ಎರಡನೆಯದು ಗೇಣಿಗೂ ಕಡಿಮೆ. ಯಾಕೆ?

ಮಂಗಳೂರಿನ ಬಳಿಯ ನೀರುಮಾರ್ಗದಲ್ಲಿ ಮಾವನ ಮನೆ ಏಳುತ್ತಿದೆ. ಅಲ್ಲಿ ಒಂದು ಕೆಂಪುಕಲ್ಲು ಸುಮಾರು 30 ಕಿಲೋ. 3 ಮೀಟರ್ ಮೇಲೆತ್ತಲು 30 × 9.8 × 3 = 882 ಜೂಲ್. ಇಷ್ಟೇ ತಾನೇ, ಡ್ರೋನ್ ಅಗ್ಗ ಎಂದು ಬರೆದಿಟ್ಟೆ. ತಪ್ಪಿದ್ದು ಇಲ್ಲೇ.

ಕೆಲಸ = ಬಲ × ದೂರ. ಕಲ್ಲು ಹಿಡಿದು ಡ್ರೋನ್ ಇದ್ದಲ್ಲೇ ನಿಂತರೆ ದೂರ ಸೊನ್ನೆ, ಕೆಲಸವೂ ಸೊನ್ನೆ. ಮತ್ತೆ ಬ್ಯಾಟರಿ ಇಳಿಯುವುದೇಕೆ? ಎರಡು ದಿನ ಇದರಲ್ಲೇ ಸಿಕ್ಕಿಬಿದ್ದಿದ್ದೆ. ಮೇಸ್ತ್ರಿ ರಾಟೆಯ ಹಗ್ಗವನ್ನು ಕಂಬಕ್ಕೆ ಬಿಗಿದರೆ ಕಲ್ಲು ಬೆಳಗಿನವರೆಗೂ ನೇತಾಡುತ್ತದೆ, ಖರ್ಚಿಲ್ಲ. ಡ್ರೋನಿಗೆ ಕಂಬವಿಲ್ಲ. ಕ್ಷಣಕ್ಷಣವೂ ಹೊಸ ಗಾಳಿಯನ್ನು ಎಳೆದು ಕೆಳಕ್ಕೆ ತಳ್ಳುತ್ತಿರಬೇಕು. ಕಲ್ಲು ಚಲಿಸುತ್ತಿಲ್ಲ, ಗಾಳಿ ಚಲಿಸುತ್ತಿದೆ. ಕೆಲಸ ಆಗುತ್ತಿರುವುದು ಗಾಳಿಯ ಮೇಲೆ. ಇದನ್ನು ಎರಡು ಸಲ ಓದಿ, ಉಳಿದದ್ದೆಲ್ಲ ತಾನಾಗಿ ಬರುತ್ತದೆ.

ಹೊರೆ ಸೇರಿ 60 ಕಿಲೋ, ಕಿಲೋಗೆ 150 ವ್ಯಾಟ್ ಎಂದು ಹಿಡಿಯೋಣ: 9 ಕಿಲೋವ್ಯಾಟ್. ಒಂದು ನಿಮಿಷಕ್ಕೆ 5,40,000 ಜೂಲ್, ಅಂದರೆ 882ರ 600 ಪಟ್ಟಿಗೂ ಮೇಲೆ! ಅದೇ ರೆಕ್ಕೆಗಳಲ್ಲಿ ತೂಕ ಇಮ್ಮಡಿಯಾದರೆ ಬೇಕಾಗುವ ವ್ಯಾಟ್ ಇಮ್ಮಡಿಯಲ್ಲ, ಸುಮಾರು 2.8 ಪಟ್ಟು. ಹೆಚ್ಚು ಗಾಳಿಯನ್ನು, ಅದೂ ಹೆಚ್ಚು ವೇಗದಲ್ಲಿ ತಳ್ಳಬೇಕಲ್ಲ. ಫೋಮ್ ಇಟ್ಟಿಗೆಯ ಗುಟ್ಟು ಇದೇ.

ದುಡ್ಡಿನ ಲೆಕ್ಕಕ್ಕೆ ಬಂದರೆ, ಕಲ್ಲಿಗೆ ಒಂದು ನಿಮಿಷದ ಹಾರಾಟ ಎಂದು ಹಿಡಿದರೆ 0.15 ಯೂನಿಟ್, 1,000 ಕಲ್ಲಿಗೆ 150 ಯೂನಿಟ್. ಕರೆಂಟ್ ಬಿಲ್ ಹೆದರಿಸುವುದಿಲ್ಲ. ಆದರೆ 1.5 ಯೂನಿಟ್ಟಿನ ಬ್ಯಾಟರಿಯನ್ನು 100 ಸಲ ಖಾಲಿ ಮಾಡಿದಂತಾಯಿತು. ಇಂಥ ಲಿಥಿಯಂ ಬ್ಯಾಟರಿ ತಾಳುವುದು ಕೆಲವು ನೂರು ಚಾರ್ಜ್. ಮನೆಗೆ ಬೇಕಾದದ್ದು ಸಾವಿರಾರು ಕಲ್ಲು. ಹಣ ಸೋರುವುದೂ ಕಸ ಹುಟ್ಟುವುದೂ ಇಲ್ಲೇ.

ನಿಯಮ: 2021ರ ಡ್ರೋನ್ ನಿಯಮಗಳಲ್ಲಿ ತೂಕವನ್ನು ಹೊರೆ ಸೇರಿಸಿಯೇ ಎಣಿಸುತ್ತಾರೆ, 25 ಕಿಲೋ ದಾಟಿ 150ರೊಳಗಿದ್ದರೆ ಮಧ್ಯಮ ವರ್ಗ. ನಮ್ಮ 60 ಕಿಲೋ ಬರುವುದೂ ಇದರಲ್ಲೇ.

ಡ್ರೋನ್ ನಿಜಕ್ಕೂ ಉಳಿಸುವುದು ಕಲ್ಲು ಹೊರದೆ, ಕ್ಯಾಮೆರಾ ಹೊತ್ತಾಗ. ನಮ್ಮ ಗುಡ್ಡದ ಜಾಗಗಳಲ್ಲಿ ಮಣ್ಣು ಕಡಿಯುವ ಮೊದಲು ಏರುತಗ್ಗು ಸರಿಯಾಗಿ ಅಳೆಯಬೇಕು. 5 ಸೆಂಟ್ಸ್ ಅಂದರೆ ಸುಮಾರು 200 ಚದರ ಮೀಟರ್. ಅಳತೆ 10 ಸೆಂಟಿಮೀಟರ್ ತಪ್ಪಿದರೆ 20 ಘನ ಮೀಟರ್ ಮಣ್ಣು ಸುಮ್ಮನೆ ಕಡಿದಂತೆ: 100 ಘನ ಅಡಿಯ ಟಿಪ್ಪರಿನಲ್ಲಿ 7 ಲೋಡ್.